ಔಷಧಿಯಲ್ಲದ ಮಾತ್ರೆ

ವರ್ಷಗಟ್ಟಲೆ ಬಸ್ಸಿನ ಕ್ಲಚ್ ಒತ್ತಿದ ಎಡಗಾಲು ಈಗ ಆಸ್ಪತ್ರೆಯ ಸ್ಟೂಲಿನ ಮೇಲೆ ಚಾಚಿಕೊಂಡಿತ್ತು. ಡಿಪೋದಲ್ಲಿ ಎಲ್ಲರೂ ಅವನನ್ನು ‘ಮೌನಿ’ ಎನ್ನುತ್ತಿದ್ದರು. ಎಂಥ ಸಂದಣಿಯಲ್ಲೂ ಹಾರನ್ ಮುಟ್ಟದ ಡ್ರೈವರ್. ರಿಪೇರಿ ಗುಂಡಿಗೆ ಜಾರಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಮಾತ್ರ ಇಡೀ ಡಿಪೋಗೆ ಕೇಳುವಂತೆ ಕೂಗಿದ್ದ.

ಮೂಳೆಯೊಳಗೆ ಸರಳು ಹಾಕಿ ತಿಂಗಳುಗಳು ಕಳೆದಿದ್ದವು. ಎಕ್ಸ್‌ರೇ ಇನ್ನೂ ಮಸುಕು. ಮೂಳೆ ಕೂಡುತ್ತಿದೆಯೋ ಇಲ್ಲವೋ ತಿಳಿಯದು. ಅದಕ್ಕೇ ಮೂಳೆ ಡಾಕ್ಟರಮ್ಮ ಎರಡು ಸಲ ರಕ್ತ ತೆಗೆಸಿದ್ದರು. ಹೊಸ ಮೂಳೆ ಕಟ್ಟುವಾಗ ಒಂದು ಪ್ರೋಟೀನಿನ ಚೂರು ರಕ್ತಕ್ಕೆ ಸೇರುತ್ತದೆ, ಗಾರೆ ಕೆಲಸ ನಡೆಯುವ ಮನೆಯ ಮುಂದೆ ಮರಳು ಚೆಲ್ಲಿದ ಹಾಗೆ. ಅದು ಹೆಚ್ಚಿದ್ದರೆ ಕೆಲಸ ನಡೆದಿದೆ ಎಂದರ್ಥ.

ಎರಡು ಸಲವೂ ತೀರ ಕಡಿಮೆ ಬಂತು.

“ಒಳಗೆ ಕೆಲಸ ನಿಂತ ಹಾಗಿದೆ,” ಅಂದರು ಡಾಕ್ಟರಮ್ಮ. “ಸೊಂಟದ ಮೂಳೆ ಸ್ವಲ್ಪ ತೆಗೆದು ಅಲ್ಲಿಗೆ ತುಂಬಬೇಕು. ಇನ್ನೊಂದು ಆಪರೇಷನ್.”

“ಆಮೇಲೆ ಬಸ್ ಓಡಿಸಬಹುದಾ, ಮೇಡಂ?”

“ಆ ಮಾತು ಈಗ್ಲೇ ಕೊಡಕ್ಕಾಗಲ್ಲ.”

ಅವನ ಪಕ್ಕದಲ್ಲಿ ಕೂತ ಅಕ್ಕ ಬ್ಯೂಟಿ ಪಾರ್ಲರ್ ನಡೆಸುವವಳು, ಎಂದೂ ಬಾಯಿಗೆ ಬೀಗ ಹಾಕಿದವಳಲ್ಲ. ಇವತ್ತು ಏನೂ ತೋಚದೆ ಚೀಲದಿಂದ ಡಬ್ಬಿ ತೆಗೆದು ದಿನವೂ ಕೊಡುವ ಮಾತ್ರೆಯನ್ನು ತಮ್ಮನ ಅಂಗೈಗೆ ಹಾಕಿದಳು.

“ಏನಮ್ಮಾ ಅದು?”

“ಔಷಧಿ ಅಲ್ಲ ಮೇಡಂ. ಕೂದಲು, ಉಗುರು ಗಟ್ಟಿಯಾಗಕ್ಕೆ. ನಾನೂ ತಗೋತೀನಿ. ಉಗುರೇ ಗಟ್ಟಿಯಾದ್ಮೇಲೆ ಮೂಳೆಗೇನು ದಾಡಿ?”

ಡಾಕ್ಟರಮ್ಮ ಡಬ್ಬಿ ತಿರುಗಿಸಿ ಓದಿದರು. ಬಯೋಟಿನ್, ಅದೂ ದೊಡ್ಡ ಪ್ರಮಾಣ. “ಬೇರೆ ಔಷಧಿ ಏನಾದ್ರೂ ತಗೋತೀರಾ ಅಂತ ಕೇಳಿದ್ದೆನಲ್ಲ?”

“ಔಷಧಿ ಅಂದ್ರಲ್ಲ ಮೇಡಂ... ಇದು ಕೂದ್ಲಿಂದು,” ಅಂದ ಅವನು, ಬೋಳು ತಲೆ ಸವರಿಕೊಳ್ಳುತ್ತ.

“ಈ ವಿಟಮಿನ್ ರಕ್ತದಲ್ಲಿದ್ರೆ ನಮ್ಮ ಮೆಷಿನ್ ಮೋಸ ಹೋಗತ್ತೆ, ಜಾಸ್ತಿ ಇರೋದನ್ನೂ ಕಡಿಮೆ ತೋರಿಸತ್ತೆ. ಇವತ್ತೇ ನಿಲ್ಲಿಸಿ. ಮುಂದಿನ ವಾರ ಮತ್ತೆ ರಕ್ತ ಕೊಡಿ. ಆಗ್ಲೂ ಕಡಿಮೆ ಬಂದ್ರೆ ಆಪರೇಷನ್ನೇ.”

ಆ ವಾರ ಅಕ್ಕ ಪಾರ್ಲರಿನ ಬಾಗಿಲು ತೆಗೆಯಲಿಲ್ಲ. “ಕೈಯಾರೆ ನಿನ್ನ ಕುಯ್ಸಕ್ಕೆ ಕಳಿಸ್ತಿದ್ದೆನಲ್ಲೋ!” ಎಂದು ಗೋಳಾಡಿದಳು. ಅವನು ಹೊದಿಕೆಯೊಳಗೆ ಎಡಪಾದವನ್ನು ಮೆಲ್ಲನೆ ಒತ್ತುತ್ತಿದ್ದ, ಬಿಡುತ್ತಿದ್ದ.

ಹೊಸ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕಂಪ್ಯೂಟರ್ ಪರದೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಅಕ್ಕ ತಮ್ಮನ ತೋಳನ್ನು ಬಿಗಿಯಾಗಿ ಹಿಡಿದಳು.

“ಕೆಲಸ ಜೋರಾಗೇ ನಡೀತಿದೆ. ಆಪರೇಷನ್ ಈಗ ಬೇಡ. ಬಸ್ಸಿನ ಮಾತು ಮುಂದಿನ ಎಕ್ಸ್‌ರೇ ನೋಡ್ಕೊಂಡು ಆಡೋಣ.”

ಮೌನಿಯ ತೋಳು ಉರಿಯುತ್ತಿತ್ತು, ನೋಡಿದರೆ ಅಕ್ಕನ ಉಗುರುಗಳು ನಾಟಿದ ಗುರುತು.

“ನಿನ್ನ ಮಾತ್ರೆ ಉಗುರಿಗೆ ಮಾತ್ರ ಒಳ್ಳೇದು ಕಣೇ ಅಕ್ಕ,” ಅಂದ.