ಮೊಡವೆಯೆಂದು ಅಳಿಸಿದ ನಕ್ಷತ್ರಗಳು

ಮೊನ್ನೆ ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡಿಸುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅದೇ ವಾಸನೆ ತುಂಬಿರುತ್ತಿದ್ದ ಹೊಳಲ್ಕೆರೆಯ ಫೋಟೊ ಸ್ಟುಡಿಯೋ, ಅದರ ಅಣ್ಣ ನೆನಪಾದರು.

ನಾನಾಗ ತಾಳ್ಯದ ಕಡೆ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಂ. ಅವರದು ಮದುವೆ ಆಲ್ಬಂ ಮಾಡುವ ಕೆಲಸ. ಬಿಸಿಲಲ್ಲಿ ಬಾಡಿದ ಮದುಮಗಳ ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿ ಬೆಳಗಿಸುವುದರಲ್ಲಿ ಎತ್ತಿದ ಕೈ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ನೀಹಾರಿಕೆಯೊಂದರ, ಅಂದರೆ ನಕ್ಷತ್ರಗಳ ನಡುವೆ ಹೊಳೆಯುವ ಮೋಡದ, ಅರವತ್ತು ಫೋಟೊ ತೆಗೆದು, ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡಿದ್ದೆ. ತೆರೆದರೆ ಬರೀ ಕಪ್ಪು, ಅಲ್ಲಲ್ಲಿ ಚುಕ್ಕಿ. "ಇದು ಕರಿಹಲಗೆ ಫೋಟೊನಾ ಮೇಡಂ?" ಎಂದು ಹೆಡ್‌ಮಾಸ್ಟರು ನಕ್ಕರು. ಬೆಳಕು ಆ ಕಪ್ಪಿನೊಳಗೇ ಇದೆ, ಹದವಾಗಿ ಮೇಲೆತ್ತಬೇಕು ಎಂಬುದು ಗೊತ್ತಿತ್ತು, ಕೈ ಪಳಗಿರಲಿಲ್ಲ. ಚಿತ್ರವಿದ್ದ ಪೆನ್ ಡ್ರೈವನ್ನು ಅಣ್ಣನಿಗೆ ಕೊಟ್ಟು ಬಂದೆ.

ಸಂಜೆ ಮತ್ತೆ ಹೋದಾಗ ಅವರ ಮುಖ ಅರಳಿತ್ತು. ಪರದೆಯ ಮೇಲೆ ಗುಲಾಬಿ ಮೋಡ, ಸುತ್ತ ನುಣ್ಣನೆಯ ಕತ್ತಲೆ. ಒಂದು ನಕ್ಷತ್ರವೂ ಇಲ್ಲ!

"ಚುಕ್ಕಿ ಎಲ್ಲಿ ಅಣ್ಣ?"

"ಮೊಡವೆ ಥರ ಬಾಳ ಇದ್ವು ಮೇಡಂ. ಒಂದೊಂದೇ ಅಳಿಸಿದೀನಿ ನೋಡ್ರಿ. ಊಟಾನೂ ಮಾಡಿಲ್ಲ."

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವು ನಕ್ಷತ್ರಗಳೆಂದು ಹೇಳಿದೊಡನೆ ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. ಮೂಲ ಚಿತ್ರದ ಮೇಲೇ ಸೇವ್ ಮಾಡಿ ಅದನ್ನೂ ಕಳೆದಿದ್ದರು! ಪ್ರದರ್ಶನ ಮರುದಿನವೇ, ನನ್ನ ನಗು ಅಲ್ಲಿಗೇ ನಿಂತಿತು. ಪುಣ್ಯಕ್ಕೆ ಮನೆಯಲ್ಲಿ ಇನ್ನೊಂದು ಪ್ರತಿ ಇತ್ತು... ಓಡಿಹೋಗಿ ತಂದೆ.

ಈ ಸಲ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಪರದೆಯಲ್ಲಿ ಚಿತ್ರದ ಬೆಳಕು ಹೆಚ್ಚಿಸುವ ಗೆರೆಯನ್ನು ಕೂದಲೆಳೆಯಷ್ಟು ಮೇಲೆಳೆಯುವುದು, ನೋಡುವುದು, ಮತ್ತೆ ಎಳೆಯುವುದು. ಕಪ್ಪಿನೊಳಗಿಂದ ಮೆಲ್ಲಗೆ ಕೆಂಪು ಮೂಡಿತು. ಕೊನೆಗೆ ಕ್ಯಾಮೆರಾದ ಧೂಳಿನ ಕಲೆಯೊಂದನ್ನು ತೋರಿಸಿ, ಇದನ್ನು ಅಳಿಸಬಹುದು ಎಂದೆ. ಮೌಸಿನಿಂದ ಕೈಯನ್ನೇ ತೆಗೆದರು.

"ಧೂಳೇ ಅಂತ ಗ್ಯಾರಂಟಿ ಐತೇನ್ರಿ?"

ಮರುದಿನ ಅಂಗಡಿ ಮುಚ್ಚಿ ಶಾಲೆಗೇ ಬಂದರು. ಚಿತ್ರದ ಪಕ್ಕ ನಿಂತು, ತಾವು ಇಡೀ ಆಕಾಶವನ್ನೇ ಅಳಿಸಿದ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸಿದರು. ಹೆಡ್‌ಮಾಸ್ಟರು ಎರಡು ಸಲ ಹೇಳಿಸಿ ಕೇಳಿದರು.

ಹೋದ ವರ್ಷ ಅಣ್ಣ ತೀರಿಕೊಂಡರು. ತಡವಾಗಿ ತಿಳಿದು ಅವರ ಮನೆಗೆ ಹೋದೆ. ಗೋಡೆಯ ಮೇಲಿನ ಹಾರ ಹಾಕಿದ ಫೋಟೊದಲ್ಲಿ ಯಾರೋ ಅವರನ್ನು ಸುಣ್ಣದಂತೆ ಬೆಳ್ಳಗೆ ಮಾಡಿದ್ದರು.

"ನಮ್ಮೋರು ಇಷ್ಟು ಬೆಳ್ಳಗಿದ್ರೇನ್ರಿ ಮೇಡಂ?" ಅಣ್ಣನ ಹೆಂಡತಿ ಕೇಳಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ... ಆಮೇಲೆ ಅಳುವೂ.

ಅವರ ಕಂಪ್ಯೂಟರಿನಲ್ಲೇ ಮೂಲ ಫೋಟೊ ಹುಡುಕಿದೆ. ಅವರ ಕುರ್ಚಿಯಲ್ಲೇ ಕೂತು ಬೇರೆ ಪ್ರತಿ ಸಿದ್ಧ ಮಾಡಿದೆ. ಕೆನ್ನೆಯ ಮೇಲೊಂದು ಮಚ್ಚೆಯಿತ್ತು, ಮುಟ್ಟಲಿಲ್ಲ. ಈಗ ಆ ಗೋಡೆಯಲ್ಲಿ ಅಣ್ಣ ತಮ್ಮದೇ ಬಣ್ಣದಲ್ಲಿ ನಗುತ್ತಿದ್ದಾರೆ. ಮಾತಾಡುವುದಿಲ್ಲ, ಅಷ್ಟೇ.