ಚಕಮಕಿ ಕೋವಿಗೆ ಗಂಧದ ಬೊಟ್ಟು

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಮನೆತನದ ಚಕಮಕಿ ಕೋವಿ ಅವರ ನಂತರ ಕೊಡಗಿನಿಂದ ಹೊರಟು ದಿಲ್ಲಿಯ ಮಯೂರ್ ವಿಹಾರದ ನಮ್ಮ ಫ್ಲಾಟಿಗೆ ಬಂತು. ತೋಟೆ ಹಾಕಿ ಹೊಡೆಯುವ ಕೋವಿಯಲ್ಲ ಅದು. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡನ್ನು ಕೋಲಿನಿಂದ ಒಳಕ್ಕೆ ನೂಕಬೇಕು. ಟ್ರಿಗರ್ ಒತ್ತಿದರೆ ಕುದುರೆ ಎಂಬ ಸುತ್ತಿಗೆಯಂಥ ಕೊಕ್ಕೆ ಬೀಳುತ್ತದೆ. ಅದರ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಹಾರಬೇಕು, ಆ ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ಮದ್ದಿಗೆ ಬೀಳಬೇಕು, ಅಲ್ಲಿಂದ ಒಂದು ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ನುಗ್ಗಬೇಕು. ಇಷ್ಟೂ ಕಣ್ಣುಮಿಟುಕಿಸುವಷ್ಟರಲ್ಲಿ ಆಗಬೇಕು. ನನ್ನ ಕೋವಿಯಲ್ಲಿ ಆಗುತ್ತಿರಲಿಲ್ಲ.

ಆಗುವುದಿಲ್ಲ ಎಂದು ಗೊತ್ತಾದದ್ದು ಊರಿಗೆಲ್ಲ ಕಾಣುವ ಹಾಗೆ. ದಿಲ್ಲಿಯ ಸುತ್ತಮುತ್ತ ಇರುವ ಕೊಡಗಿನವರು ಕೋವಿ ಕತ್ತಿಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಗುರುಗ್ರಾಮದಾಚೆಯ ಒಂದು ಶೂಟಿಂಗ್ ರೇಂಜಿನಲ್ಲಿ ಸೇರುತ್ತೇವೆ. ಕಂಬಕ್ಕೆ ತೆಂಗಿನಕಾಯಿ ಕಟ್ಟಿ, ಸರದಿಯಂತೆ ಗುಂಡು ಹೊಡೆಯುತ್ತೇವೆ. ಆ ವರ್ಷ ನನ್ನ ಸರದಿ ಬಂದಾಗ ಬಟ್ಟಲಲ್ಲಿ ಭುಸ್ ಎಂದು ಹೊಗೆ ಎದ್ದಿತು, ಅಷ್ಟೆ. ಕಾಯಿ ಕಂಬದ ಮೇಲೆ ಹಾಯಾಗಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಮ್ಮ ಕೂಟದ ಕಾರ್ಯದರ್ಶಿ ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೇಂದ್ರ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಎಲ್ಲದಕ್ಕೂ ಆರ್ಡರ್ ಹಾಕಿ ಅಭ್ಯಾಸ.

"ಅಚ್ಛಾ, ಇದು ಗೋಡೆ ಮೇಲೆ ಚೆನ್ನಾಗಿ ಕಾಣುತ್ತೆ ಕಣಮ್ಮ. ಮುಂದಿನ ವರ್ಷವೂ ಹೀಗೇ ಕೈಕೊಟ್ಟರೆ ನಮ್ಮ ಕೂಟದ ಹಾಲ್‌ಗೆ ಕೊಟ್ಟುಬಿಡು. ತೂತಿಗೆ ವೆಲ್ಡಿಂಗ್ ಮಾಡಿಸಿ ನೇತುಹಾಕೋಣ."

ಬೀರುವಿನ ಮೇಲೆ ಜಾಗ ಖಾಲಿಯಾಗುತ್ತದೆಂಬ ಆಸೆಗೆ ನನ್ನ ಗಂಡ "ಒಳ್ಳೇ ಐಡಿಯಾ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಕೋವಿಯನ್ನು ಷೋಪೀಸು ಮಾಡುವುದೇ? "ಆಗಲಿ ಅಂಕಲ್, ಮುಂದಿನ ವರ್ಷ ಹೊಡೆಯದಿದ್ದರೆ ತಗೊಳ್ಳಿ" ಎಂದು ಎಲ್ಲರೆದುರು ಮಾತು ಕೊಟ್ಟೆ. ಕಾರು ಹತ್ತಿದ ಮೇಲೆ, ಇದನ್ನು ಹೊಡೆಯುವ ಹಾಗೆ ಮಾಡುವುದು ಹೇಗೆಂಬ ಯೋಚನೆ ಹತ್ತಿತು.

ಆಮೇಲಿನ ಭಾನುವಾರಗಳೆಲ್ಲ ಆ ರೇಂಜಿಗೇ ಮೀಸಲಾದವು. ಚಕಮಕಿ ಕಲ್ಲು ಬದಲಾಯಿಸಿದೆ. ಅದು ಅಲುಗಾಡದಂತೆ ಗಂಡನ ಬೆಲ್ಟಿನಿಂದ ಚರ್ಮದ ತುಂಡೊಂದನ್ನು ಕತ್ತರಿಸಿ ಸುತ್ತಿದೆ. ಹಳೆಯ ಬೆಲ್ಟೆಂದುಕೊಂಡಿದ್ದೆ, ಹಳೆಯದಲ್ಲವಂತೆ. ಕಿಡಿ ಏನೋ ಸುರುಸುರುಬತ್ತಿಯ ಹಾಗೆ ಉದುರಿತು. ಕೋವಿ ಮಾತ್ರ ತುಟಿ ಬಿಚ್ಚಲಿಲ್ಲ.

ಒಂದು ದಿನ ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿಕೊಂಡು ಕೋವಿಯನ್ನು ಬಿಚ್ಚಿ ಕೂತಿದ್ದೆ. ಪಕ್ಕದಲ್ಲಿ ಅತ್ತೆ ಹುರುಳಿಕಾಯಿ ಸೋಸುತ್ತಿದ್ದರು. ಅವರು ಮೈಸೂರಿನವರು, ಕೋವಿಯ ಮನೆಯಲ್ಲಿ ಹುಟ್ಟಿದವರಲ್ಲ. ಬಟ್ಟಲಿನಿಂದ ನಳಿಗೆಗೆ ಹೋಗುವ ಆ ಸಣ್ಣ ತೂತಿಗೆ ನನ್ನ ಯಾವ ಸೂಜಿಯೂ ಇಳಿಯದಿದ್ದುದನ್ನು ನೋಡಿ ಒಳಗೆ ಹೋಗಿ, ಸೀಮೆಎಣ್ಣೆ ಸ್ಟೌವಿನ ಕಾಲದ ಪಿನ್ನೊಂದನ್ನು ತಂದುಕೊಟ್ಟರು. ಅದರಲ್ಲಿ ಚುಚ್ಚಿ ತಿರುಗಿಸಿದೆ. ಹಳದಿ ಬಣ್ಣದ ಗಟ್ಟಿ ಪುಡಿ ಉದುರಿತು. ಮೂಸಿ ನೋಡಿದರೆ ಶ್ರೀಗಂಧ!

ಅತ್ತೆಯ ಮುಖ ನೋಡಿದೆ. ಪ್ರತಿ ಆಯುಧಪೂಜೆಗೂ ಕಾರು, ಮಿಕ್ಸಿ, ಹೊಲಿಗೆ ಮಿಷನ್ನು, ಕೊನೆಗೆ ಕೋವಿ, ಎಲ್ಲಕ್ಕೂ ಗಂಧ ಕುಂಕುಮ ಇಡುವವರು ಅವರೇ.

"ಅಲ್ಲಮ್ಮಾ, ಬೊಟ್ಟು ಇಡಕ್ಕೆ ಅಂತಲೇ ಅಲ್ಲೊಂದು ಗುಳಿ ಮಾಡಿದ್ದಾರೆ ಅಂದ್ಕೊಂಡಿದ್ದೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ವರ್ಷ ಪೂಜೆ ಮಾಡಿ ಮಾಡಿ ಅದರ ಉಸಿರು ಕಟ್ಟಿಸಿದ್ದೆವು. ಅಂದಿನಿಂದ ಅತ್ತೆ ನನ್ನ ಪಾರ್ಟಿ ಸೇರಿದರು. ಗುಂಡಿಗೆ ಸುತ್ತಲು ತಮ್ಮ ಮಗನ ಪಂಚೆ ಹರಿದುಕೊಟ್ಟವರೂ ಅವರೇ.

ಕೋವಿ ಗುಂಡು ಹಾರಿಸಿತು, ಆದರೆ ಯೋಚನೆ ಮಾಡಿಕೊಂಡು. ಬಟ್ಟಲು ಹೊತ್ತಿದ ಮೇಲೆ ಒಂದು ಗಳಿಗೆ ತಡೆದು ಢಂ ಎನ್ನುವುದು. ಅಷ್ಟರಲ್ಲಿ ನನ್ನ ಕೈ ಅಲುಗಿರುತ್ತಿತ್ತು. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದೆಂದು ಬಟ್ಟಲ ತುಂಬ ಮದ್ದು ಸುರಿಯುತ್ತಿದ್ದೆ. ಅದು ತೂತನ್ನೇ ಮುಚ್ಚಿ, ಬತ್ತಿಯಂತೆ ನಿಧಾನಕ್ಕೆ ಉರಿಯುತ್ತಿತ್ತು. ಅರ್ಧಕ್ಕಿಂತ ಕಡಿಮೆ ಹಾಕಿ, ತೂತಿನಿಂದ ಆಚೆಗೆ ಸರಿಸಿದೆ. ಈಗ ಕಿಡಿಯೂ ಗುಂಡೂ ಒಟ್ಟಿಗೇ ಹೊರಟವು. ಗುಂಡುಗಳೆಲ್ಲ ಎಡಕ್ಕೆ ಬೀಳುತ್ತಿದ್ದವು. ನಳಿಗೆಯ ತುದಿಯ ಗುರಿಮಣಿ ಎಡಕ್ಕೆ ಸರಿದರೆ ಗುಂಡು ಬಲಕ್ಕೆ ಸರಿಯುತ್ತದೆ, ಹಾಗಾಗಿ ಅದನ್ನು ಒಂದು ಕೂದಲೆಳೆಯಷ್ಟು ಎಡಕ್ಕೆ ತಟ್ಟಿದೆ. ಕಾಗದದ ಮೇಲೆ ತೂತುಗಳು ಮಧ್ಯಕ್ಕೆ ಬಂದು ಗುಂಪು ಕಟ್ಟಿದ ದಿನ ರಾತ್ರಿಯ ಅಡುಗೆಗೆ ರಜೆ ಹಾಕಿ ಎಲ್ಲರಿಗೂ ಛೋಲೆ ಭಟೂರೆ ತರಿಸಿದೆ.

ಹಬ್ಬದ ದಿನ ದಿಲ್ಲಿಯ ಸೆಪ್ಟೆಂಬರಿನ ಸೆಕೆ. ಗಾಳಿಯನ್ನು ಹಿಂಡಿದರೆ ನೀರು ಬರುವಂತಿತ್ತು, ಇಂಥ ಹವೆಗೆ ಮದ್ದು ಬೇಗ ಥಂಡಿ ಹಿಡಿಯುತ್ತದೆ. ನನ್ನ ಹೆಸರು ಕೂಗಿದ ಮೇಲೆಯೇ ಬಟ್ಟಲನ್ನು ಒರೆಸಿ ಮದ್ದು ಹಾಕಿದೆ. ಕಾರ್ಯದರ್ಶಿ ಅಂಕಲ್ ನಗುತ್ತ ಕೈಕಟ್ಟಿ ನಿಂತಿದ್ದರು. ಹಿಂದಿನಿಂದ ಅತ್ತೆ, "ಹೊಡಿಯೇ ನನ್ನ ತಾಯಿ!" ಎಂದು ಕೂಗಿದರು.

ಉಸಿರು ಬಿಗಿಹಿಡಿದು ಒತ್ತಿದೆ. ಮುಖದ ಹತ್ತಿರವೇ ಬೆಂಕಿ ಭಗ್ಗೆಂದಿತು, ನಾನು ಅಲುಗಲಿಲ್ಲ. ಹೊಗೆ ಸರಿದಾಗ ಕಂಬದ ಮೇಲೆ ಹಗ್ಗ ಮಾತ್ರ ತೂಗುತ್ತಿತ್ತು.

"ತುಕ್ಕಾ ಲಗ್ ಗಯಾ" ಎಂದರು ಅಂಕಲ್. ಅದೃಷ್ಟಕ್ಕೆ ತಗುಲಿತಂತೆ!

"ಚಲೋ ಭಯ್ಯಾ, ಇನ್ನೊಂದು ಕಾಯಿ ಕಟ್ಟಿ" ಎಂದು ರೇಂಜಿನವನಿಗೆ ಕೂಗಿ ಹೇಳಿದೆ. ನಳಿಗೆ ಒರೆಸಿದೆ, ಮದ್ದು ಸುರಿದೆ, ಗುಂಡು ನೂಕಿದೆ. ಯಾರೂ ನಗುತ್ತಿರಲಿಲ್ಲ. ಎರಡನೆಯ ಕಾಯಿಯ ನೀರು ಮುಂದೆ ನಿಂತವರ ಮೇಲೂ ಸಿಡಿಯಿತು. ಚಪ್ಪಾಳೆಯೋ ಚಪ್ಪಾಳೆ. ಆಫೀಸಿನಲ್ಲಿ ಪ್ರಮೋಷನ್ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ನನ್ನ ಗಂಡ ಬೆಲ್ಟು ಪಂಚೆಗಳ ದುಃಖ ಮರೆತು ಶಿಳ್ಳೆ ಹೊಡೆದರು.

ಅಂಕಲ್ ಹತ್ತಿರ ಬಂದು ಕೈ ಚಾಚಿದರು. "ಒಂದು ನಿಮಿಷ ಕೊಡಮ್ಮ, ನೋಡ್ತೀನಿ."

"ನೋಡಿ ಅಂಕಲ್" ಎಂದೆ. ಕೋವಿಯನ್ನು ಮಾತ್ರ ಕೈಬಿಡಲಿಲ್ಲ.