ಔಷಧಿ ಕೋಣೆಯ ಮಂಡಕ್ಕಿ ಪ್ರಸಾದ

ಮದುವೆ ಮನೆಗಳಲ್ಲಿ ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ ಉತ್ತರ ಕೊಟ್ಟುಬಿಡುತ್ತಾರೆ. "ಗೆದ್ದಲಿಗೆ ಔಷಧಿ ಹೊಡಿತಾಳೆ. ಲೈಸೆನ್ಸ್ ಐತೆ." ಎರಡನೆಯ ಮಾತು ಪಕ್ಕದ ಸಾಲಿನವರಿಗೂ ಕೇಳುವಷ್ಟು ಜೋರಾಗಿರುತ್ತದೆ. ಗೆದ್ದಲು ಹೊಡೆಯುವುದಕ್ಕೂ ಲೈಸೆನ್ಸ್ ಬೇಕಾ ಎಂದು ಕೇಳಿದವರಿಗೆ ಆಶ್ಚರ್ಯ. ಬೇಕು. ಬೇರೆಯವರ ಮನೆಗೆ, ಗೋದಾಮಿಗೆ, ಶಾಲೆಗೆ ಹೋಗಿ ಕೀಟದ ಔಷಧಿ ಹೊಡೆಯುವುದನ್ನೇ ಕಸುಬು ಮಾಡಿಕೊಂಡವರಿಗೆ ಸರ್ಕಾರದ ಅನುಮತಿ ಬೇಕು. ಅದಕ್ಕಾಗಿ ನಾನು ಓದಿದ್ದೂ ಆಯಿತು, ಓಡಾಡಿದ್ದೂ ಆಯಿತು. ಆದರೆ ಕೊನೆಗೆ ಅದು ಕೈಗೆ ಸಿಗುತ್ತದೋ ಇಲ್ಲವೋ ಎನ್ನುವುದು ಇದೇ ಅತ್ತೆಯ ಮೇಲೆ ನಿಂತುಬಿಟ್ಟಿತ್ತು.

ನನ್ನ ತವರು ಹೊನ್ನಾಳಿ. ಕೆಮಿಸ್ಟ್ರಿ ತಗೊಂಡು ಬಿಎಸ್ಸಿ ಮುಗಿಸಿ, ಮದುವೆಯಾಗಿ ಚನ್ನಗಿರಿಗೆ ಬಂದೆ. ಗಂಡನಿಗೆ ಅಡಿಕೆ ಮಂಡಿಯಲ್ಲಿ ಕೆಲಸ. ನಾನು ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಕ್ಕಳು ಚೆನ್ನಾಗಿದ್ದರು, ಮಕ್ಕಳ ಅಪ್ಪಂದಿರು ತಲೆ ತಿನ್ನುತ್ತಿದ್ದರು. ಅಷ್ಟರಲ್ಲಿ ನಮ್ಮ ಮನೆಯ ತಲೆಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ಯಾರೋ ಹೇಳಿದರು ಅಂತ ಔಷಧಿ ಹೊಡೆಯುವ ಇಬ್ಬರನ್ನು ಕರೆಸಿದೆವು. ಬಂದವರು ಬಕೆಟ್ಟಿಗೆ ಔಷಧಿ ಸುರಿದು, ಬರಿಗೈಯಲ್ಲೇ ಕದಡಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಅತ್ತೆ ಚಹಾ ಕೊಟ್ಟರೆ ಅದೇ ಕೈಯಲ್ಲಿ ಬಿಸ್ಕತ್ತು ಅದ್ದಿ ತಿಂದರು.

"ನಿಮ್ಮತ್ರ ಲೈಸೆನ್ಸ್ ಐತೇನ್ರಿ?" ಎಂದು ಕೇಳಿದೆ.

"ಅಕ್ಕಾರೆ, ಗೆದ್ದಲು ಬಂದು ಲೈಸೆನ್ಸ್ ತೋರ್ಸು ಅಂತಾವೇನ್ರಿ?" ಎಂದು ಒಬ್ಬ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದಾಗ ಪಾತ್ರೆ ತಿಕ್ಕುವುದು ನನ್ನ ಅಭ್ಯಾಸ. ಅವತ್ತು ತೊಳೆದಿಟ್ಟ ಪಾತ್ರೆಗಳನ್ನೂ ಮತ್ತೆ ಇಳಿಸಿಕೊಂಡು ತಿಕ್ಕಿದೆ. ಕೊನೆಯ ತಟ್ಟೆ ಮುಗಿಯುವ ಹೊತ್ತಿಗೆ ಈ ಕೆಲಸವನ್ನು ನಾನೇ ಮಾಡಬೇಕು, ಸರಿಯಾಗಿ ಮಾಡಬೇಕು ಅನ್ನುವುದು ಗಟ್ಟಿಯಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ರೊಟ್ಟಿ ಮುರಿಯುತ್ತಾ, "ಮಾಡು. ನಿನ್ನ ಸಿಟ್ಟು ನಮ್ಮ ಮೇಲೆ ಬೀಳೋ ಬದ್ಲು ಗೆದ್ದಲ ಮೇಲೆ ಬೀಳ್ಲಿ" ಅಂದರು.

ಈ ಲೈಸೆನ್ಸಿಗೆ ವಿಜ್ಞಾನದ ಡಿಗ್ರಿ ಒಂದಿದ್ದರೆ ಸಾಲದು, ತರಬೇತಿಯ ಸರ್ಟಿಫಿಕೇಟೂ ಬೇಕು. ಮೈಸೂರಿಗೆ ಹೋಗಿ ತರಬೇತಿ ಮುಗಿಸಿದೆ. ಆ ಗುಂಪಿನಲ್ಲಿ ಹೆಂಗಸು ನಾನೊಬ್ಬಳೇ. ಮುಖಕ್ಕೆ ಹಾಕುವ ರಬ್ಬರ್ ಮಾಸ್ಕಿನ ಪಟ್ಟಿ ನನ್ನ ತುರುಬಿಗೆ ಸಿಕ್ಕಿಕೊಂಡು, ಅದನ್ನು ಬಿಡಿಸಲು ಪಾಠ ಮಾಡುವ ಮೇಷ್ಟ್ರೇ ಕತ್ತರಿ ಹುಡುಕುತ್ತಾ ಓಡಾಡಿದರು. ಮರುದಿನದಿಂದ ಜಡೆ ಹಾಕಿಕೊಂಡು ಹೋದೆ. ಎಷ್ಟು ನೀರಿಗೆ ಎಷ್ಟು ಔಷಧಿ, ಗಾಳಿ ಯಾವ ಕಡೆ ಇದ್ದರೆ ಎಲ್ಲಿ ನಿಲ್ಲಬೇಕು, ಖಾಲಿ ಡಬ್ಬಿಯನ್ನು ಏನು ಮಾಡಬೇಕು, ಎಲ್ಲವೂ ನನಗೆ ಹಬ್ಬದಂತೆ ಇತ್ತು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಕೆಮಿಸ್ಟ್ರಿ ಮೊದಲ ಸಲ ಕೈಗೆ ಬಂದಿತ್ತು. ಊರಿಗೆ ಬಂದವಳೇ ಶಾಲೆಯ ಕೆಲಸ ಬಿಟ್ಟೆ.

ಇನ್ನು ಉಳಿದಿದ್ದು ಔಷಧಿ ಇಡುವ ಕೋಣೆ. ಅದು ವಾಸದ ಮನೆಗೆ ಅಂಟಿಕೊಂಡಿರಬಾರದು, ಗಾಳಿಯಾಡಬೇಕು, ಬೀಗ ಇರಬೇಕು, ಒಳಗೆ ತಿನ್ನುವ ವಸ್ತು ಇರಬಾರದು, ಬೆಂಕಿ ಹಚ್ಚಬಾರದು. ಕೃಷಿ ಇಲಾಖೆಯವರು ಬಂದು ಅದನ್ನು ನೋಡಿ ಒಪ್ಪಿದರೆ ಮಾತ್ರ ಲೈಸೆನ್ಸ್. ನಮ್ಮ ಹಿತ್ತಲ ತುದಿಯಲ್ಲಿ ಅಂಥದೊಂದು ಕೋಣೆ ಇತ್ತು. ಆದರೆ ಅದು ಅತ್ತೆಯ ರಾಜ್ಯ. ಜೋಳದ ಚೀಲ, ಉಪ್ಪಿನಕಾಯಿ ಭರಣಿ, ಸಂಡಿಗೆ ಡಬ್ಬಿ, ಯಾರದೋ ಬಾಣಂತನಕ್ಕೆ ಅಂತ ಕೂಡಿಟ್ಟ ಹಳೆ ಸೀರೆಗಳ ಗಂಟು, ಎಲ್ಲ ಅಲ್ಲೇ.

ನಮ್ಮ ಅತ್ತೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇಲ್ಲದ್ದನ್ನು ನಾನು ನೋಡಿಯೇ ಇರಲಿಲ್ಲ. ಹಲ್ಲುಜ್ಜಿದ ಮೇಲೆ ಬಾಯಿಗೆ ಬಿದ್ದ ಅಡಿಕೆ ಮಲಗುವಾಗಲೇ ಹೊರಗೆ ಬರುವುದು. ಚನ್ನಗಿರಿಯಲ್ಲಿ ಇದೇನೂ ವಿಶೇಷವಲ್ಲ. ಉಪವಾಸ ಇದ್ದವರೂ ಅಡಿಕೆ ಹಾಕುತ್ತಾರೆ. ಅಡಿಕೆ ಹಾಕಿಕೊಳ್ಳುವುದನ್ನು ತಿನ್ನುವುದು ಅಂತ ಇಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಕೋಣೆ ಕೇಳಿದಾಗ ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಒಂದು ಬೆಳಿಗ್ಗೆ ತಾವೇ ಭರಣಿಗಳನ್ನು ಹೊತ್ತು ಹೊರಗಿಟ್ಟು, "ತಗೋ ಯವ್ವಾ. ನನ್ನ ಉಪ್ಪಿನಕಾಯಿ ಬೀದಿಗೆ ಬಂತು, ನಿನ್ನ ವಿಷ ಒಳಗೆ ಹೋಗ್ಲಿ" ಎಂದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗೋಡೆಗೆ ಸುಣ್ಣ ಬಳಿದು, ಕಬ್ಬಿಣದ ಕಪಾಟು ತಂದು, ಹೊಗೆ ಎಳೆಯುವ ಫ್ಯಾನು ಹಾಕಿಸಿ, ಮರಳಿನ ಬಕೆಟ್ಟು ಇಟ್ಟು, ಔಷಧಿ ಹೊಡೆಯುವ ಹೊಸ ಪಂಪು ನಿಲ್ಲಿಸಿದೆ. ಲೈಸೆನ್ಸ್ ಬರುವವರೆಗೆ ಔಷಧಿ ತರುವಂತಿರಲಿಲ್ಲ, ಹಾಗಾಗಿ ಕಪಾಟು ಖಾಲಿ ಇತ್ತು.

ಇಲಾಖೆಯ ಸಾಹೇಬರು ಬರುವ ದಿನ ಬಂತು. ನಾನು ಅವರನ್ನು ಎದುರುಗೊಂಡು ಹಿತ್ತಲಿಗೆ ಕರೆದುಕೊಂಡು ಹೋದೆ. ಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಒಳಗಿಂದ ಊದುಬತ್ತಿಯ ಹೊಗೆ ಬರುತ್ತಿತ್ತು.

ನಮ್ಮಲ್ಲಿ ಮಿಕ್ಸಿ ತಂದರೂ ಪೂಜೆ ಮಾಡದೆ ಸ್ವಿಚ್ ಒತ್ತುವುದಿಲ್ಲ. ಸೊಸೆಯ ಹೊಸ ಪಂಪು ಸುಮ್ಮನೆ ನಿಂತಿದ್ದರೆ ಅತ್ತೆಗೆ ಸಮಾಧಾನ ಎಲ್ಲಿಂದ ಬರಬೇಕು? ನಾನು ಸ್ನಾನಕ್ಕೆ ಹೋದಾಗ ಬೀಗದ ಕೈ ತಗೊಂಡಿದ್ದಾರೆ. ಪಂಪಿಗೆ ವಿಭೂತಿ, ಹಿಡಿಕೆಯ ತುಂಬ ಕುಂಕುಮ, ಕೊಳವೆಗೆ ಸೇವಂತಿಗೆ ಸರ. ಮುಂದೆ ತಟ್ಟೆಯಲ್ಲಿ ಮಂಡಕ್ಕಿ, ಬೆಲ್ಲ, ಬಾಳೆಹಣ್ಣು. ಮರಳಿನ ಬಕೆಟ್ಟಿನಲ್ಲಿ ಊದುಬತ್ತಿ ಚುಚ್ಚಿ, ಕರ್ಪೂರ ಹಚ್ಚಿ, ಬಾಯಲ್ಲಿ ಅಡಿಕೆ ತುಂಬಿಕೊಂಡು ಕೈಮುಗಿದು ನಿಂತಿದ್ದಾರೆ. ಬಂದವರನ್ನು ನೋಡಿದ್ದೇ ಮುಖ ಅರಳಿಸಿ, "ಸರಿಯಾದ ಹೊತ್ತಿಗೆ ಬಂದ್ರಿ ಸಾಹೇಬ್ರೆ, ಪ್ರಸಾದ ತಗೋರಿ" ಎಂದು ಒಂದು ಹಿಡಿ ಮಂಡಕ್ಕಿ ಅವರ ಕೈಗೆ ಹಾಕಿದರು.

ಸಾಹೇಬರು ರೂಢಿಯಂತೆ ಅದನ್ನು ಕಣ್ಣಿಗೊತ್ತಿಕೊಂಡರು. ಕೈ ಬಾಯಿಯ ಕಡೆ ಹೊರಟಿತು. ನನಗೆ ಏನಾಯಿತೋ, "ತಿನ್ಬ್ಯಾಡ್ರಿ ಸರ್" ಎಂದು ಅವರ ಕೈಯಿಂದ ಮಂಡಕ್ಕಿ ಕಸಿದುಕೊಂಡೆ. "ಈ ರೂಮಿನಾಗೆ ಇಟ್ಟಿದ್ದನ್ನ ಯಾರೂ ತಿನ್ನಂಗಿಲ್ಲ."

"ಔಷಧಿ ಇನ್ನೂ ತಂದೇ ಇಲ್ವಲ್ಲಮ್ಮ?"

"ತಂದಿಲ್ಲ ಸರ್. ಆದ್ರೂ ಬ್ಯಾಡ."

ಸಾಹೇಬರು ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. "ಅಮ್ಮಾ, ಬಾಯಾಗೆ ಏನೈತೆ?"

"ಅಡಿಕೆ."

"ಒಳಗೆ ಏನೂ ತಿನ್ನಂಗಿಲ್ಲ ಅಂತ ಸೊಸೆ ಹೇಳಿಲ್ವಾ?"

"ಹೇಳ್ಯಾಳೆ. ಅಡಿಕೆ ತಿನ್ನೋ ಸಾಮಾನಾ ಸಾಹೇಬ್ರೆ?" ಅತ್ತೆ ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು.

ಸಾಹೇಬರಿಗೆ ನಗು ಬಂತು, ನುಂಗಿಕೊಂಡರು. ಹೊರಗೆ ಬಂದು ನನಗೆ ಹೇಳಿದರು: "ನಿಮಗೆ ಗೊತ್ತೈತೆ, ಅದು ಕಾಣ್ತು. ನೀವು ಕೆಲಸಕ್ಕೆ ಹೋದಾಗ ಈ ಕೋಣೆ ಹತ್ರ ಇರೋರು ಅವರು. ಅವರಿಗೆ ಗೊತ್ತಾಗ್ಲಿ. ಇನ್ನೊಂದ್ಸಲ ಬರ್ತೀನಿ, ಆಗ ನೋಡಣ." ಲೈಸೆನ್ಸ್ ಅಲ್ಲಿಗೇ ನಿಂತಿತು.

ಅವರು ಹೋದ ಮೇಲೆ ಅತ್ತೆಯ ಕಣ್ಣಲ್ಲಿ ನೀರು. "ದೇವರ ಪ್ರಸಾದ ಕಸ್ಕಂಡ್ಯಲ್ಲೇ, ಬಂದೋರ ಕೈಯಿಂದ" ಅಂದರು. ನನಗೂ ಸಿಟ್ಟು, ಅವರಿಗೂ ದುಃಖ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಹಿಡಿದೆ. ಅವರು ಪಂಪನ್ನು ಹೊರಗೆ ಎಳೆದು, ಹೂವು ತೆಗೆದು, ದಿನವಿಡೀ ಮನೆಕೆಲಸ ಮಾಡಿದರು. ಗಂಡ ಮಧ್ಯಾಹ್ನ ಊಟಕ್ಕೆ ಬಂದವರು ಇಬ್ಬರ ಮುಖ ನೋಡಿ, ಮೊಸರು ಕೂಡ ಕೇಳದೆ ಎದ್ದುಹೋದರು.

ಸಂಜೆ ಜಗಲಿಯಲ್ಲಿ ಕೂತು ಅತ್ತೆ ಸಂಚಿ ಬಿಚ್ಚಿದರು. ಸುಣ್ಣದ ಡಬ್ಬಿ ತೆರೆದು ಹಾಗೇ ಕೂತರು. ಅವರು ಎಷ್ಟು ಹೊತ್ತಾದರೂ ಅಡಿಕೆ ಬಾಯಿಗೆ ಹಾಕದ್ದನ್ನು ಕಂಡು ನಾನು ಹತ್ತಿರ ಹೋದೆ. ಬೆಳ್ಳಗಿನ ಸುಣ್ಣದ ಮೇಲೆ ಕೆಂಪು ಬೆರಳಿನ ಗುರುತು. ಬೆಳಿಗ್ಗೆ ಪಂಪಿನ ಹಿಡಿಕೆಗೆ ಬಳಿದ ಕುಂಕುಮ. ಅತ್ತೆ ಸಂಚಿಯ ದಾರ ನೋಡಿದರು, ಅಲ್ಲೂ ಇತ್ತು. ಅಡಿಕೆ ಹೋಳುಗಳ ಮೇಲೆ ಇತ್ತು. ಎದ್ದು ಹೋಗಿ ಬಾಗಿಲ ಚಿಲಕ ನೋಡಿದರು, ಕುಡಿಯುವ ನೀರಿನ ಕೊಡದ ಕಂಠ ನೋಡಿದರು, ನನ್ನ ಗಂಡ ಉಂಡ ತಟ್ಟೆಯ ಅಂಚು ನೋಡಿದರು. ಎಲ್ಲ ಕಡೆ ಒಂದಿಷ್ಟಿಷ್ಟು ಕೆಂಪು. ಬೇಜಾರಿನಲ್ಲಿ ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡಿದ್ದರೇ ಹೊರತು ತೊಳೆದಿರಲಿಲ್ಲ.

"ಇದು ಕುಂಕುಮ ಆಗಿದ್ದಕ್ಕೆ ಕಾಣ್ತು" ಅಂದರು ಅತ್ತೆ. "ಔಷಧಿ ಕಾಣ್ತೈತಾ?"

"ಕಾಣಲ್ಲ ಅತ್ತೆ."

ಅತ್ತೆ ಸಂಚಿಯಲ್ಲಿದ್ದ ಅಡಿಕೆಯನ್ನೆಲ್ಲ ತಿಪ್ಪೆಗೆ ಸುರಿದರು. ಅಡಿಕೆ ಚೆಲ್ಲುವ ಕೈ ಅದಲ್ಲ, ನನಗೆ ಸಂಕಟವಾಯಿತು. ಆಮೇಲೆ ಇಬ್ಬರೂ ಕೂತು ಸೋಪು ಹಚ್ಚಿ ಕೊಡ, ಚಿಲಕ, ತಟ್ಟೆ, ಸಂಚಿ ಎಲ್ಲ ತೊಳೆದೆವು. ಪಾತ್ರೆ ತಿಕ್ಕುವಾಗ ನನಗೆ ಸಿಟ್ಟಿರಲಿಲ್ಲ, ಅದೇ ಮೊದಲು.

ಸಾಹೇಬರು ಎರಡನೆಯ ಸಲ ಬಂದಾಗ ಮಧ್ಯಾಹ್ನದ ಹೊತ್ತು. ಅತ್ತೆ ಕೋಣೆಯ ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಕೆಟ್ಟು ನೀರು, ಸೋಪು. ಸಂಚಿ ಮನೆಯೊಳಗೆ ಮೊಳೆಗೆ ನೇತಾಡುತ್ತಿತ್ತು. ಏಳುತ್ತಾರೆ, ದಾರಿ ಬಿಡುತ್ತಾರೆ ಅಂದುಕೊಂಡರೆ ಅತ್ತೆ ಕೂತಲ್ಲಿಂದ ಅಲುಗಲಿಲ್ಲ.

"ಸಾಹೇಬ್ರೆ, ಬಾಯಾಗೆ ಏನೈತೆ?"

ಸಾಹೇಬರು ಕೆನ್ನೆ ಮುಟ್ಟಿಕೊಂಡರು. ಎಲ್ಲೋ ಊಟ ಮುಗಿಸಿ ಬಂದಿದ್ದರು. "ಅಡಿಕೆ ಅಮ್ಮ."

"ಉಗುಳಿ ಬರ್ರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲೈಸೆನ್ಸ್ ಕೊಡುವವರಿಗೇ ಹೀಗೆ ಹೇಳುವುದಾ? ಸಾಹೇಬರು ಗಂಭೀರವಾಗಿ ಕೇಳಿದರು: "ಅಡಿಕೆ ತಿನ್ನೋ ಸಾಮಾನಾ ಅಮ್ಮ?"

"ಹೊರಗೆ ಅಲ್ಲ ಸಾಹೇಬ್ರೆ. ಈ ಹೊಸ್ತಿಲ ಒಳಗೆ ಹೌದು." ಅತ್ತೆ ತಮ್ಮ ಬಾಯಿ ದೊಡ್ಡದಾಗಿ ತೆರೆದು ತೋರಿಸಿದರು. "ನೋಡ್ರಿ, ನಂದೇ ಇಲ್ಲ."

ಸಾಹೇಬರು ಮೋರಿಯ ಹತ್ತಿರ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ, ಕೈ ತೊಳೆದು ಬಂದರು. ಆಗ ಅತ್ತೆ ಕುರ್ಚಿ ಸರಿಸಿದರು. ಒಳಗೆ ಸಾಹೇಬರು ಫ್ಯಾನು ನೋಡಿದರೋ ಕಪಾಟು ನೋಡಿದರೋ ನನಗೆ ನೆನಪಿಲ್ಲ. ಹೊರಗೆ ಬಂದು, "ಇನ್ನು ನಾನು ಬರೋದು ಬ್ಯಾಡ, ನಿಮ್ಮ ಮನೇಲೇ ಇನ್‌ಸ್ಪೆಕ್ಟ್ರು ಅದಾರೆ" ಎಂದು ಬಾಯ್ತುಂಬ ನಕ್ಕರು. ಕೆಲವು ದಿನಗಳಲ್ಲಿ ಲೈಸೆನ್ಸ್ ಬಂತು.

ಈಗ ಜಗಳೂರಿಗೂ ಹೋಗುತ್ತೇನೆ, ತವರಿನ ಕಡೆಗೂ ಹೋಗುತ್ತೇನೆ. ಒಲೆಯ ಮೇಲೆ ಸಾರು ಕುದಿಯುತ್ತಿರಲಿ, ನೀವು ಹೊಡೀರಿ ಅನ್ನುವವರ ಮನೆಯಿಂದ ಪಂಪು ಎತ್ತಿಕೊಂಡು ವಾಪಸ್ ಬಂದಿದ್ದೇನೆ. ಕೆಲವರು ಜಂಬದವಳು ಅನ್ನುತ್ತಾರೆ, ಅನ್ನಲಿ. ಆದರೆ ನನಗೆ ಮರೆಯಲಾಗದ್ದು ಲೈಸೆನ್ಸ್ ಬಂದ ಮೇಲಿನ ಮೊದಲ ಕೆಲಸ. ನ್ಯಾಮತಿ ಕಡೆ, ಸೂರಗೊಂಡನಕೊಪ್ಪದ ಹತ್ತಿರ ಒಂದು ಮನೆ. ಗೋಡೆಯ ಬುಡದುದ್ದಕ್ಕೂ ರಂಧ್ರ ಕೊರೆದು ಔಷಧಿ ಬಿಟ್ಟು, ಬೆವರಿನಲ್ಲಿ ತೊಯ್ದು, ಸಂಜೆ ಹೊತ್ತಿಗೆ ಮನೆಗೆ ಬಂದೆ. ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಅಲ್ಲೇ ನಿಂದ್ರು" ಅಂದರು. ಹಿತ್ತಲಿನಿಂದ ಬಚ್ಚಲಿಗೆ ಅಟ್ಟಿದರು. ಕೆಲಸದ ಬಟ್ಟೆ ಬೇರೆ ಬಕೆಟ್ಟಿಗೆ ಹಾಕಿಸಿದರು. ಬಿಸಿನೀರು ಕಾಯಿಸಿಟ್ಟಿದ್ದರು. ತಲೆಗೆ ಸ್ನಾನ ಮಾಡಿ ಬಂದರೂ ಬಿಡದೆ ನನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ಉಗುರಿನ ಸಂದು ನೋಡಿದರು.

ಆಮೇಲೆ ದೇವರ ಕೋಣೆಯಿಂದ ತಟ್ಟೆ ತಂದರು. ಮಂಡಕ್ಕಿ, ಬೆಲ್ಲ, ಬಾಳೆಹಣ್ಣು. ಬೆಳಿಗ್ಗೆ ನಾನು ಹೊರಟ ಮೇಲೆ, ಅಂಗಳದಲ್ಲಿ, ಪಂಪಿಲ್ಲದೆಯೇ ಪೂಜೆ ಮಾಡಿದ್ದರಂತೆ.

"ಅವತ್ತು ಸಾಹೇಬ್ರಿಗೆ ಕೊಟ್ಟೆ ನೋಡು, ಅದು ಅವರಿಗಂತ ಮಾಡಿದ್ದಲ್ಲ. ನಿನಗಂತ ಮಾಡಿದ್ದು" ಅಂದರು. "ಬಾಯಿ ತೆಗಿ."

ನಾನು ತೆಗೆದೆ. ಅವರೇ ತುತ್ತು ಮಾಡಿ ಹಾಕಿದರು. ಬೆಲ್ಲ ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಬೆಲ್ಲದಿಂದಲೇ ಅಂತ ಅತ್ತೆಗೆ ಹೇಳಿದೆ. ತಟ್ಟೆ ಖಾಲಿಯಾಗುವವರೆಗೆ ಅವರು ಏಳಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಬಂದು, ನನ್ನ ಪಕ್ಕ ಕೂತು, ಬೆಳಿಗ್ಗೆಯಿಂದ ಮೊಳೆಗೇ ನೇತಾಡುತ್ತಿದ್ದ ಸಂಚಿಯನ್ನು ಬಿಚ್ಚಿದರು.